ರೆಪ್ಪೆಯ ಮಡಿಕೆಗೆ ನಾನು ಹೂಂ ಅಂದದ್ದು

ಪರದೇಶದಲ್ಲಿ ಬಾಳುವ ಕನ್ನಡಿಗನಿಗೆ ಒಂದು ಗುಪ್ತ ಸುಖವುಂಟು. ಎದುರಿಗೆ ನಿಂತವರ ಬಗ್ಗೆ ಅವರ ಎದುರೇ, ಸ್ವರವನ್ನೂ ತಗ್ಗಿಸದೆ, ಕನ್ನಡದಲ್ಲಿ ಅಭಿಪ್ರಾಯ ಹೇಳುವ ಸುಖ. ಲಿಫ್ಟಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಮೀನಿನ ಮಾರುಕಟ್ಟೆಯಲ್ಲಿ ನಾನೂ ನನ್ನ ಹೆಂಡತಿಯೂ ಇದನ್ನು ಎಷ್ಟೋ ವರ್ಷ ನಿರಾತಂಕವಾಗಿ ಅನುಭವಿಸಿದ್ದೇವೆ. ಪಕ್ಕದಲ್ಲಿ ತಮಿಳರಿದ್ದರೆ ತುಸು ಎಚ್ಚರ. ಉಳಿದಂತೆ ಮಲೇಷ್ಯಾದ ಈ ಮೆಲಾಕಾ ಪಟ್ಟಣವೆಲ್ಲ ನಮ್ಮ ಪಾಲಿಗೆ ಕಿವುಡು. ಈ ಚಟಕ್ಕೆ ನಾನು ದಂಡ ತೆತ್ತದ್ದು ನನ್ನದೇ ತರಗತಿಯಲ್ಲಿ.

ನಾನು ಉಡುಪಿ ಕಡೆಯವನು. ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತೇನೆ. ಹೆಸರಿನ ಹಿಂದೆ ಡಾಕ್ಟರ್ ಎಂದಿದ್ದರೂ, ಬದುಕಿರುವ ಯಾರಿಗೂ ಒಂದು ಮಾತ್ರೆಯನ್ನೂ ಬರೆದುಕೊಟ್ಟವನಲ್ಲ. ನನ್ನ ಬಳಿ ಬರುವವರು ಬರುವ ಮೊದಲೇ ತೀರಿಕೊಂಡಿರುತ್ತಾರೆ. ಹಾಗಾಗಿ ಇದುವರೆಗೆ ಒಂದು ದೂರೂ ಬಂದಿಲ್ಲ. ಆ ದಿನದ ಪಾಠ ಕಣ್ಣಿನ ಗೂಡು ಮತ್ತು ರೆಪ್ಪೆ. ಹಿಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ, ನೋಡಲು ಚೀನೀಯಳು, ರೆಪ್ಪೆ ಅರ್ಧ ಇಳಿಸಿಕೊಂಡು ಕೂತಿದ್ದಳು. ನಾನು ಬೋರ್ಡಿನ ಕಡೆ ತಿರುಗಿ, ಕೊರಳಪಟ್ಟಿಗೆ ಮೈಕು ಸಿಕ್ಕಿಸಿಕೊಂಡಿದ್ದೇನೆ ಎಂಬುದನ್ನು ಮರೆತು, "ಈ ಪುಣ್ಯಾತ್ಗಿತ್ತಿಯನ್ನ ನೋಡು, ಕಣ್ಣಿನ ಪಾಠಕ್ಕೇ ಕಣ್ಣು ಮುಚ್ಕೊಂಡು ನಿದ್ದೆ ಮಾಡ್ತಾಳೆ" ಎಂದು ಗೊಣಗಿದೆ.

ಹಿಂದಿನ ಸಾಲಿನಿಂದ ಉತ್ತರ ಬಂತು: "ಇಲ್ರೀ ಸರ, ಎಚ್ಚರ ಅದೀನ್ರಿ. ಕಣ್ಣ ಹಂಗ ಅದಾವ್ರಿ."

ನನ್ನ ಕೈಯಲ್ಲಿದ್ದ ಪೆನ್ನು ಬೋರ್ಡಿನ ಮೇಲೆ ಎಲ್ಲಿತ್ತೋ ಅಲ್ಲೇ ನಿಂತಿತು. ತರಗತಿಗೆ ಏನೂ ಅರ್ಥವಾಗಲಿಲ್ಲ. ಅಷ್ಟು ಮಾತ್ರ ದೇವರ ದಯೆ. ನಾನು ಪ್ರೊಫೆಸರನಿಗೆ ತಕ್ಕ ಗಾಂಭೀರ್ಯವನ್ನು ಹುಡುಕಿ ತಂದುಕೊಂಡು, ರೆಪ್ಪೆಯನ್ನು ಎತ್ತುವ ಸ್ನಾಯು ಯಾವುದು ಎಂದು ಅವಳನ್ನೇ ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಸ್ನಾಯುವನ್ನೂ ಹೇಳಿದಳು, ಅದರ ನರವನ್ನೂ ಹೇಳಿದಳು, ಆ ನರದ ಕವಲನ್ನೂ ಹೇಳಿದಳು. ನಾನು "ಗುಡ್" ಎಂದು ಪಾಠವನ್ನು ಹತ್ತು ನಿಮಿಷ ಮೊದಲೇ ಮುಗಿಸಿದೆ.

ಅವಳು ಮುಂಡಗೋಡಿನ ಟಿಬೆಟನ್ ಕ್ಯಾಂಪಿನ ಹುಡುಗಿ. ಅಪ್ಪ ಇಲ್ಲ. ಅಮ್ಮ, ಅವಳ ಬಾಯಲ್ಲಿ 'ಅಮಾ', ಹುಟ್ಟಿದ್ದೂ ಅದೇ ಕ್ಯಾಂಪಿನಲ್ಲಿ. ಚಳಿಗಾಲ ಬಂತೆಂದರೆ ಹುಬ್ಬಳ್ಳಿಯ ರಸ್ತೆ ಬದಿಯಲ್ಲಿ ಸ್ವೆಟರ್ ಮಾರುತ್ತಾಳೆ. ಮಗಳು ಸ್ಕಾಲರ್‌ಶಿಪ್ ಹಿಡಿದು ಮಲೇಷ್ಯಾಕ್ಕೆ ಬಂದಿದ್ದಳು. ಆ ಪಾಠದ ಮುಂದಿನ ಭಾನುವಾರವೇ ನನ್ನ ಹೆಂಡತಿ ಅವಳನ್ನು ನೀರುದೋಸೆಗೆ ಕರೆದಳು, ಆಮೇಲೆ ಭಾನುವಾರಗಳು ಅವಳ ಹೆಸರಿಗೇ ಆದವು. ಇಲ್ಲಿ ಬೆಳೆದ ನಮ್ಮ ಕನ್ನಡದ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಇವಳು "ಇನ್ನೊಂದ ಹಾಕ್ರಿ ಅಮ್ಮಾ, ತೆಳ್ಳಗ ಅದಾವು" ಎಂದು ತಟ್ಟೆ ಮುಂದೆ ಮಾಡುತ್ತಾಳೆ. ಕೌಲಾಲಂಪುರದ ರಾಜ್ಯೋತ್ಸವಕ್ಕೆ ಕರೆದುಕೊಂಡು ಹೋದರೆ ಮಾಂಟ್ ಕಿಯಾರಾ ಎಂಬ ಸಿರಿವಂತರ ಬಡಾವಣೆಯ ಮಹನೀಯರೊಬ್ಬರು ನನ್ನನ್ನು ಬದಿಗೆ ಕರೆದು, "ಈ ಚೈನೀಸ್ ಹುಡುಗಿ ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದಾಳೆ ಸಾರ್! ನಮ್ಮ ಮಕ್ಕಳಿಗೂ ಹೇಳಿಕೊಡೋಕೆ ಬರ್ತಾಳಾ?" ಎಂದರು. ಇಲ್ಲಿನ ಚೀನೀ ಅಂಗಡಿಯವರು ಅವಳೊಡನೆ ಚೀನೀ ಮಾತಾಡಿ, ಉತ್ತರ ಬರದಿದ್ದಾಗ ಮುಖ ಗಂಟಿಕ್ಕುತ್ತಾರೆ. ಹೀಗೆ ಎರಡು ಕಡೆಯವರೂ ಅವಳ ಮುಖವನ್ನು ಓದಿ ತಪ್ಪು ಉತ್ತರ ಬರೆದವರೇ. ಮೊದಲನೆಯ ಉತ್ತರಪತ್ರಿಕೆ ನನ್ನದು. ಆ ವಿಷಯವನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ನನ್ನ ಕೋಣೆಗೆ ಬಂದಳು. ಅವಳ ತರಗತಿಯವರು ಆಗಲೇ ಆಸ್ಪತ್ರೆಯ ವಾರ್ಡುಗಳಿಗೆ ಒಂದೆರಡು ಬಾರಿ ಹೋಗಿಬಂದಿದ್ದರು. ರಜೆ ಮುಗಿದರೆ ದಿನವೂ ವಾರ್ಡೇ.

"ಸರ, ಒಂದ ಮಾತ ಕೇಳ್ತೀನ್ರಿ. ಬೈಬಾರದು."

"ಬೈಯೋದು ಬಿಟ್ಟು ಎರಡು ವರ್ಷ ಆಯ್ತು. ಹೇಳು."

"ಕಣ್ಣಿಗೆ ಮಡಿಕಿ ಮಾಡಿಸ್ಕೋಬೇಕಂತ ಮಾಡೀನ್ರಿ."

ಇದನ್ನು ಇಲ್ಲಿ 'ಡಬಲ್ ಐಲಿಡ್' ಎನ್ನುತ್ತಾರೆ. ಹೆಸರು ಕೇಳಿ ರೆಪ್ಪೆ ಎರಡಾಗುತ್ತದೆಂದು ಗಾಬರಿಯಾಗಬೇಕಿಲ್ಲ. ನಮ್ಮ ನಿಮ್ಮ ಮೇಲ್ರೆಪ್ಪೆ ಕಣ್ಣು ತೆರೆದಾಗ ಪಂಚೆಯ ನಿರಿಗೆಯ ಹಾಗೆ ಒಂದು ಮಡಿಕೆ ಹಾಕಿಕೊಂಡು ಮೇಲೆ ಸರಿಯುತ್ತದೆ. ಪೂರ್ವದೇಶದ ಅನೇಕರಿಗೆ ಆ ಮಡಿಕೆ ಹುಟ್ಟಿನಿಂದ ಇರುವುದಿಲ್ಲ. ರೆಪ್ಪೆ ನುಣ್ಣಗೆ ಇಳಿದು ನಿಲ್ಲುತ್ತದೆ. ಇದು ಕೊರತೆಯಲ್ಲ, ಒಂದು ಬಗೆ. ಆದರೂ ನಮ್ಮೂರಲ್ಲಿ ಹಲ್ಲಿಗೆ ತಂತಿ ಕಟ್ಟಿಸುವಷ್ಟೇ ಸಲೀಸಾಗಿ ಇಲ್ಲಿ ಆ ಮಡಿಕೆಯನ್ನು ಮಾಡಿಸಿಕೊಳ್ಳುತ್ತಾರೆ.

"ಯಾಕೆ?" ಎಂದೆ. ಕೇಳುವಾಗಲೇ ಉತ್ತರದ ಅರ್ಧ ಭಾಗ ನನಗೆ ಗೊತ್ತಿತ್ತು.

ಅವಳು ಎರಡು ವರ್ಷದಿಂದ ದಿನಾ ಬೆಳಿಗ್ಗೆ ರೆಪ್ಪೆಗೆ ಸಣ್ಣ ಅಂಟುಪಟ್ಟಿ ಹಚ್ಚುತ್ತಿದ್ದಳಂತೆ. ಎರಡು ವರ್ಷ ಎಂದರೆ ಯಾವ ದಿನದಿಂದ ಎಂದು ಲೆಕ್ಕ ಹಾಕುವ ಅಗತ್ಯ ನನಗೆ ಬೀಳಲಿಲ್ಲ. ಅಂಟು ಈಗ ಚರ್ಮವನ್ನು ಕೆರಳಿಸಿ ಕೆಂಪಗೆ ಮಾಡಿತ್ತು, ಇನ್ನು ಹಚ್ಚುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ವಾರ್ಡಿನಲ್ಲಿ ಒಂದು ಘಟನೆ ನಡೆದಿತ್ತು.

"ಒಂದ ಅಜ್ಜಿ ಎದಿಗೆ ಸ್ಟೆತಸ್ಕೋಪ್ ಇಟ್ಟಿದ್ದೆ ಸರ. ಸಪ್ಪಳ ಭಾಳ ಸಣ್ಣದಿತ್ತು, ತಲಿ ಬಗ್ಗಿಸಿ ಕೇಳಾಕತ್ತಿದ್ದೆ. ದೊಡ್ಡ ಡಾಕ್ಟರ್ ಬಂದ್ರು. 'ಹೋಗು, ಮಾರಿ ತೊಳಕೊಂಡು ಬಾ' ಅಂದ್ರು, ಎಲ್ಲಾರ ಮುಂದ. ಆ ಅಜ್ಜಿ ಏನಂದ್ಳು ಗೊತ್ತೇನ್ರಿ? 'ಪಾಪ, ಮಲಗ್ಲಿ ಬಿಡ್ರಿ' ಅಂದ್ಳು." ಅವಳು ನಕ್ಕಳು. ನಗು ಪೂರ್ತಿಯಾಗಲಿಲ್ಲ. "ರೋಗಿನ ನನ್ನ ಮ್ಯಾಲೆ ಕನಿಕರ ಪಟ್ರ ನಾ ಡಾಕ್ಟರ್ ಹೆಂಗಾಗ್ಲಿ ಸರ?"

ಆಮೇಲೆ ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದಳು. ಶಾಪಿಂಗ್ ಕಾಂಪ್ಲೆಕ್ಸಿನ ಎರಡನೇ ಮಹಡಿ, ಉಗುರಿಗೆ ಬಣ್ಣ ಬಳಿಯುವ ಅಂಗಡಿಗೂ ಕೂದಲು ಕತ್ತರಿಸುವ ಅಂಗಡಿಗೂ ನಡುವೆ ಒಬ್ಬಳು 'ಅಕ್ಕ' ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾಳಂತೆ. ಕೂದಲು ಕತ್ತರಿಸುವ ಕಡೆ ಕಣ್ಣು ಕತ್ತರಿಸಬಾರದು ಎಂಬ ಶಾಸ್ತ್ರವಾಕ್ಯವನ್ನು ನಾನು ಅಲ್ಲೇ ರಚಿಸಿ ಹೇಳಿದೆ. ಕೂದಲು ಮತ್ತೆ ಬೆಳೆಯುತ್ತದೆ.

ಆ ಸಂಜೆ ಮುಂಡಗೋಡಿನಿಂದ ಅವಳ ತಾಯಿಯ ಫೋನು.

"ಸರ, ನನಗ ಸ್ವೆಟರ್ ಅಂದ್ರ ತಿಳೀತೈತಿ, ಕಣ್ಣಂದ್ರ ತಿಳಿಯಂಗಿಲ್ಲ. ನೀವು ಕಣ್ಣಿನ ಪಾಠ ಹೇಳೋರು. ನೀವು ಹೂಂ ಅಂದ್ರ ನಾನೂ ಹೂಂ. ಬ್ಯಾಡ ಅಂದ್ರ ಬ್ಯಾಡ. ಅಕಿ ನಿಮ್ಮ ಮಾತ ಮೀರಂಗಿಲ್ಲ."

"ನಿಮಗೆ ಏನನ್ನಿಸ್ತದೆ ಅಮ್ಮಾ?"

"ವರ್ಷಕ್ಕೊಮ್ಮೆ ಬರ್ತಾಳ್ರಿ. ಬಸ್ಸಿನಿಂದ ಇಳಿಯೂದನ್ನ ನೋಡ್ಕೋತ ನಿಂತಿರ್ತೇನಿ. ಬ್ಯಾರೆ ಯಾರೋ ಮಗಳು ಇಳಿದ್ರ ನಾ ಏನ ಮಾಡ್ಲಿ ಸರ?"

ಎರಡು ದಿನದಲ್ಲಿ ಹೇಳುತ್ತೇನೆಂದು ಫೋನಿಟ್ಟೆ. ಅಲ್ಲಿಗೆ ಒಂದು ಹೆಣ್ಣುಮಗಳ ಎರಡು ಕಣ್ಣು ನನ್ನ ಒಂದು ನಾಲಿಗೆಯ ಮೇಲೆ ಬಂದು ಕೂತವು. 'ಬೇಡ' ಎನ್ನುವುದು ಸುಲಭ. ಬೇಡ ಎಂದವನನ್ನು ಯಾರೂ ದೂರುವುದಿಲ್ಲ. ಏನೂ ಆಗದಿದ್ದರೆ ಅದು ಅವನ ವಿವೇಕದ ಫಲ. ನಾನು ಊಟಕ್ಕೆ ಕೂತು, 'ದೇವರು ಕೊಟ್ಟ ಮುಖ' ಎಂದು ಒಂದು ಗಂಭೀರ ಪೀಠಿಕೆ ಆರಂಭಿಸಿದೆ.

ಹೆಂಡತಿ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ದೇವರು ಕೊಟ್ಟ ಮೀಸೆಗೆ ತಿಂಗಳಿಗೊಮ್ಮೆ ಕಪ್ಪು ಹಚ್ಚುವವರು ಮಾತಾಡುದು ಇದು. ಬೇಡ ಅಂತ ಹೇಳ್ಲಿಕ್ಕೆ ನಿಮಗೆ ಬಾಯಿ ಉಂಟಾ ಮಾರಾಯ್ರೆ? ನಿದ್ದೆ ಮಾಡ್ತಾಳೆ ಅಂತ ಮೊದಲು ಹೇಳಿದ್ದು ಯಾರು?"

"ಅದು ಕನ್ನಡದಲ್ಲಿ ಹೇಳಿದ್ದು."

"ಹೌದು. ಇಡೀ ಕ್ಲಾಸಲ್ಲಿ ಅವಳೊಬ್ಬಳಿಗೇ ಅರ್ಥ ಆಗುವ ಹಾಗೆ."

"ಹಾಗಾದ್ರೆ ಹೂಂ ಅನ್ಲಾ?"

"ಅದಕ್ಕೂ ಅವಸರ ಎಂತದಕ್ಕೆ? ನಿಮ್ಮ ಪಾಪ ತೊಳೀಲಿಕ್ಕೆ ಅವಳ ಕಣ್ಣು ಕುಯ್ಸಬೇಡಿ. ಮೊದಲು ಹೋಗಿ ಕೇಳಿಕೊಂಡು ಬನ್ನಿ. ನಾನೂ ಬರ್ತೇನೆ."

ಹೀಗೆ ನಾವು ಮೂವರೂ ಕೌಲಾಲಂಪುರಕ್ಕೆ ಹೋದೆವು. ನೋಂದಣಿಯಿರುವ ಪ್ಲಾಸ್ಟಿಕ್ ಸರ್ಜನ್ ಹೌದೋ ಅಲ್ಲವೋ ಎಂದು ನಾನು ಮೊದಲೇ ವಿಚಾರಿಸಿ, ಅಲ್ಲಿ ಹೋದ ಮೇಲೂ ಗೋಡೆಯ ಪ್ರಮಾಣಪತ್ರಗಳನ್ನು ಕನ್ನಡಕ ಏರಿಸಿ ಒಂದೊಂದಾಗಿ ಓದಿದೆ. ಐವತ್ತು ದಾಟಿದ ಚೀನೀ ಹೆಂಗಸು. ಅವರ ರೆಪ್ಪೆಯಲ್ಲೇ ಮಡಿಕೆಯಿರಲಿಲ್ಲ. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು.

"ಅಡುಗೆಯವಳು ತಾನು ಮಾಡಿದ್ದನ್ನೆಲ್ಲ ತಿನ್ನಲೇಬೇಕು ಅಂತಿಲ್ಲ ಲಾ, ಪ್ರೊಫೆಸರ್. ಕೂತ್ಕೊಳ್ಳಿ" ಎಂದರು, ಇಲ್ಲಿನವರ ಮಾತಿನ ಬಾಲಕ್ಕೆ ಅಂಟಿಕೊಂಡೇ ಇರುವ ಆ 'ಲಾ' ಸೇರಿಸಿ.

ನಾನು ಹನ್ನೊಂದು ಪ್ರಶ್ನೆ ಬರೆದುಕೊಂಡಿದ್ದ ಪುಸ್ತಕ ತೆಗೆದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಒಂದು ಆಸೆಯಿತ್ತು: ರೆಪ್ಪೆ ಎತ್ತುವ ಸ್ನಾಯು ದುರ್ಬಲವಾಗಿದೆ ಎಂದು ಇವರು ಹೇಳಿಬಿಡಲಿ. ಆಗ ಇದು ಚಿಕಿತ್ಸೆಯಾಗುತ್ತದೆ, ನನ್ನ 'ಹೂಂ'ಗೆ ಶಾಸ್ತ್ರದ ಆಧಾರ ಸಿಗುತ್ತದೆ. ಅವರು ಪುಟ್ಟ ಅಳತೆಪಟ್ಟಿ ಹಿಡಿದು, ಮೇಲೆ ನೋಡಿಸಿ, ಕೆಳಗೆ ನೋಡಿಸಿ, ಕೊನೆಗೆ ಹೇಳಿದರು: "ಸ್ನಾಯು ಸೊಗಸಾಗಿದೆ. ದೃಷ್ಟಿಗೆ ಅಡ್ಡಿ ಇಲ್ಲ. ರೋಗ ಏನೂ ಇಲ್ಲ. ಇದು ಬರೀ ಇಷ್ಟದ ಮಾತು." ನಾನು ತಪ್ಪಿಸಿಕೊಳ್ಳಲು ನೋಡಿಟ್ಟುಕೊಂಡಿದ್ದ ಕಿಟಕಿ ಮುಚ್ಚಿತು.

ಆಮೇಲೆ ನನ್ನನ್ನೂ ನನ್ನ ಹೆಂಡತಿಯನ್ನೂ ಹೊರಗೆ ಕಳಿಸಿದರು. ಇದು ಅವರ ಪದ್ಧತಿಯಂತೆ. ಅಮ್ಮಂದಿರು, ಗೆಳೆಯರು, ಗುರುಗಳು, ಯಾರಿದ್ದರೂ ಹೊರಗೆ. ಬೇರೆಯವರ ಇಷ್ಟಕ್ಕೆ ಬಂದವರನ್ನು ಹಾಗೇ ವಾಪಸು ಕಳಿಸುತ್ತಾರಂತೆ. ಹದಿನೈದು ನಿಮಿಷದ ಮೇಲೆ ಒಳಗೆ ಕರೆದಾಗ ಹುಡುಗಿಯ ಕೈಯಲ್ಲಿ ಕನ್ನಡಿಯಿತ್ತು. ಸರ್ಜನ್ ಒಂದು ಸಣ್ಣ ಬಗ್ಗಿದ ತಂತಿಯನ್ನು ಅವಳ ರೆಪ್ಪೆಗೆ ಮೆತ್ತಗೆ ಒತ್ತಿ, ಕಣ್ಣು ತೆರೆಯಲು ಹೇಳಿದರು. ತೆರೆದಾಗ ಆ ಗೆರೆಯಲ್ಲೇ ಮಡಿಕೆ ಬಿತ್ತು. ಆಗುವುದು ಹೀಗೆ ಎಂದು ಮೊದಲೇ ತೋರಿಸುವ ಕ್ರಮ.

"ಕೆಳಗೆ" ಎಂದಳು ಹುಡುಗಿ. ಸರ್ಜನ್ ತಂತಿಯನ್ನು ಕೂದಲೆಳೆಯಷ್ಟು ಇಳಿಸಿದರು. "ಇನ್ನೂ ಕೆಳಗೆ." ಅಲ್ಲಿಂದಾಚೆ ಇಳಿಸಿದರೆ ಮಡಿಕೆಯೇ ಕಾಣುವುದಿಲ್ಲ ಎಂಬ ಜಾಗದಲ್ಲಿ ಅವಳು ಸಾಕೆಂದಳು. ಸಿನಿಮಾದವರ ಕಣ್ಣು ಅವಳಿಗೆ ಬೇಕಿರಲಿಲ್ಲ. ಎಚ್ಚರವಿದ್ದಾಳೆ ಎಂದು ನಾಲ್ಕು ಜನಕ್ಕೆ ತಿಳಿದರೆ ಸಾಕಿತ್ತು.

ನನ್ನ ಪುಸ್ತಕದಲ್ಲಿ ಆ ದಿನದ ಉತ್ತರಗಳು ಈಗಲೂ ಇವೆ. ಎರಡು ದಾರಿ: ಚರ್ಮ ಕೊಯ್ದು ಮಾಡುವುದು, ಇಲ್ಲವೇ ಸೂಕ್ಷ್ಮ ದಾರವನ್ನು ಒಳಗೆ ಹೊಲಿದು ಮಾಡುವುದು. ಕೊಯ್ದದ್ದು ಹೆಚ್ಚು ಶಾಶ್ವತ. ಹೊಲಿದದ್ದು ಬೇಗ ಮಾಯುತ್ತದೆ, ಆದರೆ ವರ್ಷಗಳ ಮೇಲೆ ಸಡಿಲವಾಗಬಹುದು. ಬೇಡವೆನಿಸಿದರೆ ಬೇಗನೇ ಬಿಚ್ಚಿಸಲೂಬಹುದು, ಆದರೆ ಮೊದಲಿನ ಹಾಗೇ ಆಗುತ್ತದೆಂಬ ಭರವಸೆಯಿಲ್ಲ. ಎರಡು ಕಣ್ಣು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ತರ ಬರುವುದಿಲ್ಲ. ಸೋಂಕು, ರಕ್ತಸ್ರಾವ ಅಪರೂಪ, ಆದರೆ ಇಲ್ಲವೆಂದಲ್ಲ. ತಡೆಯಲಾರದ ನೋವು ಬಂದರೆ ಅಥವಾ ದೃಷ್ಟಿ ಮಂಜಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ. ಆಸ್ಪಿರಿನ್, ಮೀನೆಣ್ಣೆಯಂಥವನ್ನು ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಬಾವು ಇಳಿಯಲು ವಾರಗಳು, ಮುಖಕ್ಕೆ ಒಗ್ಗಲು ತಿಂಗಳುಗಳು. ಕಡೆಯ ಉತ್ತರದ ಕೆಳಗೆ ನಾನು ಗೆರೆ ಎಳೆದಿದ್ದೇನೆ: ಮಾಡಿಸಿಕೊಳ್ಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ.

ವಾಪಸು ಬರುವಾಗ ಹೆದ್ದಾರಿ ಪಕ್ಕದ ಮಾಮಕ್ ಅಂಗಡಿಯಲ್ಲಿ, ಎಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಕ್ಕೆ ನಿಲ್ಲಿಸಿದೆವು. ನಾನು ದಾರಿಯುದ್ದಕ್ಕೂ ಒಂದು ಕ್ಷಮಾಪಣೆಯನ್ನು ಕಟ್ಟಿಕೊಂಡು ಬಂದಿದ್ದೆ. ಅದಕ್ಕೆ ಮೂರು ಖಂಡಗಳೂ ಒಂದು ಉಪಸಂಹಾರವೂ ಇದ್ದವು. ಮೊದಲ ಖಂಡದ ಮೊದಲ ವಾಕ್ಯ ಮುಗಿಯುವ ಮುನ್ನ ಅವಳು ತಡೆದಳು.

"ಸರ, ನೀವ ಒಬ್ಬರ ಅಂತ ತಿಳ್ಕೊಂಡೀರೇನು? ನಮ್ಮ ಸಾಲಿ ಪಿ.ಟಿ. ಮಾಸ್ತರು ದಿನಾ ಅಂತಿದ್ರು. ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ 'ಏಳವ್ವಾ, ಸ್ಟಾಪ್ ಬಂತು' ಅಂತಿದ್ದ, ನಾ ಕಿಟಕಿಯಾಗ ನೋಡ್ಕೋತ ಕುಂತಿದ್ರೂನು. ಅಂಥಾವ್ರಾಗ ನೀವು ಹಿಂದಿನ ಬೆಂಚಿನವರು."

"ಆದ್ರೂ ಅಂಟುಪಟ್ಟಿ ಶುರು ಮಾಡಿದ್ದು ನನ್ನ ಮಾತಿನ ಮೇಲೆ."

ಅವಳು ಪರೋಟದಂಥ ರೊಟ್ಟಿ ಚನಾಯ್ ಹರಿದು ಸಾರಿಗೆ ಅದ್ದಿದಳು. "ಹೌದ್ರಿ. ಊರಾಗ ಅಂದ್ರ ಅಂದ್ರು, ಅದು ಊರು. ಇಷ್ಟ ದೂರ ಬಂದ ಮ್ಯಾಲೂ ಅದ ಮಾತು, ಅದೂ ಕನ್ನಡದಾಗ ಕೇಳಿದ್ನಲ್ಲ, ಆವತ್ತ ರೂಮಿಗೆ ಹೋಗಿ ಅತ್ತೆ." ತಲೆಯೆತ್ತದೆ ಮುಂದುವರಿಸಿದಳು. "ಈಗ ಅದಕ್ಕಲ್ರಿ ಮಾಡಿಸ್ಕೊಳ್ಳೂದು. ನೀವು ಬ್ಯಾಡ ಅಂದ್ರ ಬಿಡ್ತೇನಿ. ಆದ್ರ ನಿಮಗ ಕೆಟ್ಟ ಅನಿಸೇತಿ ಅಂತ ಹೂಂ ಅನಬ್ಯಾಡ್ರಿ."

ನನ್ನ ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಉಳಿದ ಎರಡು ಖಂಡಗಳನ್ನು ನಾನು ನುಂಗಿ, "ತಪ್ಪಾಯ್ತು ಮಗಾ" ಎಂದಷ್ಟೇ ಹೇಳಿದೆ. ಅವಳು ತಲೆಯಾಡಿಸಿ, ಇನ್ನೊಂದು ರೊಟ್ಟಿ ಹೇಳಲೇ ಎಂದು ಕೇಳಿದಳು.

ಮನೆಗೆ ಬಂದು ಮುಂಡಗೋಡಿಗೆ ಫೋನು ಮಾಡಿದೆ. ರೋಗವಿಲ್ಲ ಎಂದೆ, ಅಪಾಯ ಸಣ್ಣದು ಆದರೆ ಇದೆ ಎಂದೆ, ದಾರ, ಕೊಯ್ತ, ಬಾವು ಎಲ್ಲ ವಿವರಿಸುತ್ತ ಹೋದೆ.

"ಸರ, ಪಾಠ ಬ್ಯಾಡ್ರಿ. ಹೂಂ ಅಂತೀರೋ ಬ್ಯಾಡ ಅಂತೀರೋ?"

"ಹೂಂ."

"ನಿಮ್ಮ ಸ್ವಂತ ಮಗಳಾಗಿದ್ರ?"

ಈ ಪ್ರಶ್ನೆ ನನ್ನ ಹನ್ನೊಂದರಲ್ಲಿ ಇರಲಿಲ್ಲ. "ಅವಳೇ ಯೋಚನೆ ಮಾಡಿ ಬೇಕು ಅಂದಿದ್ರೆ, ಆಗಲೂ ಹೂಂ" ಎಂದೆ. ಆ ಕಡೆಯಿಂದ "ಆತು" ಎಂದು ಬಂತು. ಸಂತೋಷವೋ ಅಸಮಾಧಾನವೋ ತಿಳಿಯಲಿಲ್ಲ.

ಅವಳು ಆರಿಸಿಕೊಂಡದ್ದು ದಾರದ ಹೊಲಿಗೆ. ಶಸ್ತ್ರಕ್ರಿಯೆಯ ದಿನ ನಾನೂ ನನ್ನ ಹೆಂಡತಿಯೂ ಹೊರಗೆ ಕೂತಿದ್ದೆವು. ರೆಪ್ಪೆಯನ್ನಷ್ಟೇ ಮರಗಟ್ಟಿಸಿ, ಆಳನ್ನು ಎಚ್ಚರವಾಗಿಟ್ಟೇ ಮಾಡುತ್ತಾರೆ. ನಡುನಡುವೆ ಎಬ್ಬಿಸಿ ಕೂರಿಸಿ ಎರಡೂ ಕಣ್ಣು ಹೊಂದುತ್ತವೆಯೇ ಎಂದು ನೋಡುತ್ತಾರೆ. ಬಾಗಿಲಾಚೆಯಿಂದ ಸರ್ಜನ್‌ರ ಸ್ವರ ಕೇಳುತ್ತಿತ್ತು: ತೆರೆ, ಮುಚ್ಚು, ಮೇಲೆ ನೋಡು, ಮತ್ತೆ ತೆರೆ. ಇಷ್ಟು ವರ್ಷ ರೆಪ್ಪೆಯನ್ನು ಪದರ ಪದರವಾಗಿ ಬಿಡಿಸಿ ಕಲಿಸಿದವನು ನಾನು. ನನ್ನ ಮೇಜಿನ ಮೇಲೆ ಯಾರಿಗೂ 'ತೆರೆ' ಎಂದು ಹೇಳುವ ಪ್ರಸಂಗ ಬಂದಿರಲಿಲ್ಲ. ಪ್ರತಿ ಸಲ ಆ ಶಬ್ದ ಕೇಳಿದಾಗಲೂ ನನ್ನ ಹೆಂಡತಿ ನನ್ನ ತೋಳನ್ನು ಸ್ವಲ್ಪ ಬಿಗಿಯಾಗಿ ಹಿಡಿಯುತ್ತಿದ್ದಳು.

ಹುಡುಗಿಯನ್ನು ನಮ್ಮ ಮನೆಗೇ ಕರೆತಂದೆವು. ಎರಡನೇ ದಿನ ಅವಳ ಕಣ್ಣುಗಳು ಎಣ್ಣೆಯಿಂದ ಆಗಷ್ಟೇ ತೆಗೆದ ಮಂಗಳೂರು ಬನ್ಸಿನಂತೆ ಉಬ್ಬಿದವು; ಎಡದ್ದು ಬಲದ್ದಕ್ಕಿಂತ ದೊಡ್ಡ ಬನ್ಸು. ಅವಳು ಕನ್ನಡಿ ಇಟ್ಟು ಗೋಡೆಯ ಕಡೆ ತಿರುಗಿ ಕೂತಳು. ಕ್ಲಿನಿಕ್ಕಿಗೆ ಫೋನು ಮಾಡಿದರೆ ನೋವು ಜೋರೇ, ದೃಷ್ಟಿ ಸರಿಯೇ, ರಕ್ತ ಬರುತ್ತಿದೆಯೇ ಎಂದು ಕೇಳಿ, ಎಲ್ಲದಕ್ಕೂ ಸರಿಯಾದ ಉತ್ತರ ಬಂದ ಮೇಲೆ, "ತಣ್ಣೀರ ಪಟ್ಟಿ ಇಡಿ, ತಲೆ ಎತ್ತರಿಸಿ ಮಲಗಿಸಿ, ಗಾಬರಿ ಬೇಡ ಲಾ" ಎಂದರು. ಬಾವು ಎರಡನೇ ಮೂರನೇ ದಿನಕ್ಕೇ ಅತಿ ಹೆಚ್ಚು ಎಂದು ನನ್ನ ಪುಸ್ತಕದಲ್ಲೇ ಬರೆದಿತ್ತು. ಬರೆದದ್ದು ಬೇರೆ, ಎದುರಿಗೆ ಗೋಡೆ ನೋಡುತ್ತ ಕೂತ ಹುಡುಗಿ ಬೇರೆ.

ಊಟದ್ದು ಇನ್ನೊಂದು ಧರ್ಮಸಂಕಟ. ಪಕ್ಕದ ಮನೆಯ ಚೀನೀ ಆಂಟಿ ಬೇಲಿಯಾಚೆಯಿಂದ ನೋಡಿ, ಸೋಯಾ ಸಾಸ್ ಕೊಡಬೇಡಿ ಗಾಯ ಕಪ್ಪಾಗುತ್ತದೆ, ಮೊಟ್ಟೆ ಬೇಡ, ಸೀಗಡಿ ಬೇಡ ಎಂದು ಶಾಸನ ಹೊರಡಿಸಿದಳು. ನನ್ನ ಹೆಂಡತಿ ತನ್ನ ತಾಯಿಮನೆಯ ಪಥ್ಯವನ್ನು ಜಾರಿಗೆ ತಂದಳು: ಬದನೆ ನಂಜು, ಕೆಸು ನಂಜು, ಹಲಸು ಕೇಳಲೇಬೇಡಿ. ಸರ್ಜನ್ ಇದ್ಯಾವುದನ್ನೂ ಹೇಳಿರಲಿಲ್ಲ. ಎರಡು ಸಂಸ್ಕೃತಿಗಳ ನಡುವೆ ಉಳಿದದ್ದು ಗಂಜಿ ಮತ್ತು ಹೆಸರುಕಾಳು. ಆರನೇ ದಿನ ಹುಡುಗಿ, "ಅಮ್ಮಾ, ಕಣ್ಣ ಬರ್ತಾವು, ಜೀವ ಹೋಕ್ಕೈತಿ" ಎಂದಳು. ಅಂದು ದೋಸೆ ಆಯಿತು.

ತಾಯಿಗೆ ಅವಳು ಮುಖ ತೋರಿಸಿರಲಿಲ್ಲ. ವಿಡಿಯೋ ಬೇಡ, ನೆಟ್‌ವರ್ಕ್ ಇಲ್ಲ ಎನ್ನುತ್ತಿದ್ದಳು. ಬಚ್ಚಲಲ್ಲೂ ನೆಟ್‌ವರ್ಕ್ ಸಿಗುವ ಊರಿನಲ್ಲಿ ಈ ಸುಳ್ಳನ್ನು ಎರಡು ವಾರ ಎಳೆದಳು. ಆ ತಾಯಿ ಮಗಳನ್ನು ಒತ್ತಾಯಿಸಲಿಲ್ಲ; ನನಗೆ ಧ್ವನಿ ಸಂದೇಶ ಕಳಿಸಿದಳು. "ಸರ, ಮಲೇಷ್ಯಾದಾಗ ಕರೆಂಟ್ ಆದ್ರೂ ಐತೇನ್ರಿ?"

ಹದಿನಾರನೇ ದಿನ, ಬಾವು ಬಹುಪಾಲು ಇಳಿದ ಮೇಲೆ, ಊಟದ ಮೇಜಿನ ಮೇಲೆ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಅವಳು ಕರೆ ಮಾಡಿದಳು. ಅವಳ ಎಡಕ್ಕೆ ನಾನು, ಬಲಕ್ಕೆ ನನ್ನ ಹೆಂಡತಿ. ನಾವಿದ್ದೇವೆಂಬ ಮರ್ಯಾದೆಗೆ ತಾಯಿಮಗಳು ಕನ್ನಡದಲ್ಲೇ ಮಾತಾಡಿದರು. ಪರದೆಯಲ್ಲಿ ಒಂದು ಅಗಲ ಮುಖ ಮೂಡಿತು. ಮಗಳ ಹಳೆಯ ಕಣ್ಣು ಆ ಮುಖದಲ್ಲಿತ್ತು. ಆ ಕಣ್ಣು ಮಗಳ ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹೋಗಿಬಂತು. ನಾನು ತೀರ್ಪು ಕೇಳಲು ನಿಂತವನಂತೆ ಕೈ ಕಟ್ಟಿಕೊಂಡಿದ್ದೆ.

"ಎಡಗಣ್ಣ ಸ್ವಲ್ಪ ದೊಡ್ಡದಾಗೇತಿ" ಎಂದಳು ತಾಯಿ.

"ಇನ್ನೂ ಒಂದೆರಡು ತಿಂಗಳು ಹೋಗ್ಬೇಕು ಅಮ್ಮಾ. ಪೂರ್ತಿ ಒಂದೇ ತರ ಆಗ್ದೆಯೂ ಇರಬಹುದು" ಎಂದೆ ನಾನು.

"ಅದನ್ನ ಡಾಕ್ಟರ್ ಮೊದಲ ಹೇಳಿದ್ರೇನು?"

"ಹೇಳಿದ್ರು."

"ನನಗ ನೀವು ಹೇಳಿದ್ರೇನು?"

ನೆನಪು ಮಾಡಿಕೊಂಡೆ. ಆ ಸಂಜೆ ಪಾಠ ಅಲ್ಲಿಗೆ ತಲುಪುವ ಮುನ್ನವೇ ಅವಳು ಹೂಂ ಕೇಳಿದ್ದಳು. "ಇಲ್ಲ" ಎಂದೆ.

ಅವಳು ಮತ್ತೆ ಮಗಳ ಕಡೆ ತಿರುಗಿದಳು. "ಕಣ್ಣ ಮುಚ್ಚು" ಎಂದಳು.

ಹುಡುಗಿ ಮುಚ್ಚಿದಳು. ಮುಚ್ಚಿದ ರೆಪ್ಪೆಯಲ್ಲಿ ಮಡಿಕೆಯಿರಲಿಲ್ಲ. ನುಣ್ಣಗೆ, ಎಂದಿನಂತೆ ಇಳಿದು ನಿಂತಿತು. ತಾಯಿ ಫೋನನ್ನು ಮುಖಕ್ಕೆ ಹತ್ತಿರ ತಂದುಕೊಂಡಳು. ಈಗ ಪರದೆಯಲ್ಲಿ ಬರೀ ಹಣೆ, ಒಂದು ಕಣ್ಣು.

"ಮಲಗಿದಾಗ ಅಕಿನ ಅದಾಳ" ಎಂದಳು, ನನಗೋ ತನಗೋ.

ನನ್ನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಹುಡುಗಿ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು.

"ತೆರೀಲೇನು ಅಮಾ?"

"ತಡಿ" ಎಂದಳು ತಾಯಿ. "ಇನ್ನೊಂಚೂರು."